ಎಣ್ಣಿಲೆ ಮಾರಿ ತೊಳಕೊಂಡ್ರ ನಡೀತೈತೇನ್ರಿ ಅಕ್ಕಾರ?

ಹೋದ ತಿಂಗಳ ಇದ ಅಂಕಣದಾಗ ಒಬ್ಬಾಕಿಗೆ "ಕಾಡಿಗಿ ಸಾಬಾಣಕ್ಕ ಹೋಗವಲ್ದಂದ್ರ ಎರಡ ಹನಿ ಎಣ್ಣಿ ಹಚ್ಚಿ ಒರಸ್ಕೋವಾ" ಅಂತ ಒಂದ ಸಾಲ ಬರದಿದ್ದೆ. ಅಷ್ಟಕ್ಕ ಈ ತಿಂಗಳ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲಾ ಜಿಡ್ಡಜಿಡ್ಡ! ಕೂದಲ ಉದರೋದು, ಹಿಮ್ಮಡಿ ಒಡಿಯೋದು ಕೇಳಿದವ್ರು ಮುಂದಿನ ತಿಂಗಳ ತನಕ ತಡೀರಿ, ಈ ಸಲ ಪೂರ್ತಿ ಎಣ್ಣೀನ. ಮೊದ್ಲ ಹೇಳಿಬಿಡ್ತೀನಿ, ನಾ ಡಾಕ್ಟರಲ್ಲ. ಧಾರವಾಡದಾಗ 24 ವರ್ಷ ಪಾರ್ಲರ್ ನಡಸೇನಿ, ಎಷ್ಟೋ ಮಂದಿ ಮಾರಿ ಮುಟ್ಟೇನಿ, ತಪ್ಪೂ ಮಾಡೇನಿ, ಅದರಾಗ ಒಂದನ್ನ ಕೆಳಗ ನಾನ ಒಪ್ಗೋತೀನಿ.

ಅಕ್ಕಾ, ನಾನು ವಿದ್ಯಾಗಿರಿ ಕಡೆ ಪಿಜಿಯಲ್ಲಿ ಇದ್ದೀನಿ. ರೀಲ್ಸ್ ನಲ್ಲಿ ಎಲ್ಲರೂ ಆಯಿಲ್ ಕ್ಲೆನ್ಸಿಂಗ್ ಅಂತಿದ್ದಾರೆ, ಕ್ಯಾಸ್ಟರ್ ಆಯಿಲ್ ಹಚ್ಚಿ ಬಿಸಿ ಟವೆಲ್ ಇಟ್ಟು ಒರೆಸಿದ್ರೆ ಮುಖ ಗ್ಲಾಸ್ ತರ ಆಗುತ್ತಂತೆ. ನನ್ನದು ಮೊದಲೇ ಆಯ್ಲಿ ಸ್ಕಿನ್, ಹಣೆ ಮೂಗು ಯಾವಾಗಲೂ ಜಿಡ್ಡು, ಗುಳ್ಳೆ ಬೇರೆ. ಜಿಡ್ಡಿನ ಮೇಲೆ ಜಿಡ್ಡು ಹಚ್ಚಿದ್ರೆ ಇನ್ನೂ ಹಾಳಾಗಲ್ವಾ? ಇಲ್ಲಿ ಬರೋದು ಬೋರ್ ನೀರು, ಏನು ಹಚ್ಚಿ ತೊಳೆದ್ರೂ ಮುಖ ಬಿಗಿಯುತ್ತೆ.
– ಡಿಗ್ರಿ ಎರಡನೇ ವರ್ಷದ ಹುಡುಗಿ, ಧಾರವಾಡ

ತಂಗಿ, ಹಲಸಿನ ಹಣ್ಣ ಬಿಡಸೋ ಮುಂದ ಮನ್ಯಾಗ ಕೈಗೆ ಏನ ಹಚ್ಗೋತಾರ? ಎಣ್ಣಿ. ಆ ಅಂಟಿಗೆ ನೀರು ಹಾಕಿದ್ರ ಇನ್ನಷ್ಟು ಹತ್ತಕೊಂಡು ಕೂಡ್ತೈತಿ, ಎಣ್ಣಿ ಹಚ್ಚಿದ್ರ ಸರ್ರಂತ ಬಿಡ್ತೈತಿ. ಜಿಡ್ಡಿನ ಜಾತೀದ್ದನ್ನ ಜಿಡ್ಡ ಕರಗಸ್ತೈತಿ, ಇಷ್ಟ ಅದರ ಗುಟ್ಟು. ನಿನ್ನ ಮಾರಿ ಮ್ಯಾಲಿನ ಜಿಡ್ಡೂ ಒಂಥರಾ ಎಣ್ಣೀನ, ಒಂದಿಷ್ಟು ಕೊಬ್ಬು, ಒಂದಿಷ್ಟು ಮೇಣ, ಸ್ಕ್ವಾಲೀನ್ ಅನ್ನೋದೊಂದು, ಅದರ ಮ್ಯಾಲೆ ನೀ ಹಚ್ಗೊಂಡ ಸನ್‌ಸ್ಕ್ರೀನು, ಫೌಂಡೇಶನ್ನು, ಚಿಗರಿ ಬಸ್ಸಿಗೆ ಕಾಯೋ ಮುಂದ ಕೂತ ಧೂಳು ಎಲ್ಲಾ ಸೇರಿ ಒಂದ ಪದರ ಆಗಿರ್ತೈತಿ. ಅದಕ್ಕ ಬರೇ ನೀರು ಏನೂ ಮಾಡಂಗಿಲ್ಲ. ಸಾಬಾಣ ಮಾಡ್ತೈತಿ, ಆದ್ರ ಅದರ ಕತಿ ಬ್ಯಾರೆ. ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ ಅನ್ನೋ ಹುಳಿ ಅಳತ್ಯಾಗ 5ರ ಸುತ್ತ ಇರ್ತೈತಿ, ಮೈ ಸಾಬಾಣದ್ದು 9, 10, ಅಂದ್ರ ಹುಳಿಗೆ ಉಲ್ಟಾ. ದಿನಕ್ಕ ಮೂರ್ನಾಕ ಸಲ ತಿಕ್ಕಿದ್ರ ಕೊಳಿ ಜೋಡಿ ಚರ್ಮದ ಕಣ ಅನ್ನೋ ಇಟ್ಟಂಗಿ ಸಂದ್ಯಾಗಿನ ಜಿಡ್ಡಿನ ಗಾರೀನೂ ಕಿತ್ತು ಹೊಕ್ಕೈತಿ. ಅದಕ್ಕ ಬಿಗಿಯೋದು. ಮ್ಯಾಲೆ ನಿಮ್ಮ ಪಿಜಿ ಬೋರ್ ನೀರು ಸವಳ. ಸವಳ ನೀರಿನಾಗಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬಾಣದ ಜೋಡಿ ಕೂಡಿ ಬಕೀಟಿನ ಅಂಚಿಗೆ ಬಿಳಿ ಕರಿ ಕೂತಿರ್ತೈತಲ್ಲ, ಅದ ಕೆನಿ ನಿನ್ನ ಮಾರಿ ಮ್ಯಾಲೂ ಕೂಡ್ತೈತಿ. ಮಲಪ್ರಭಾ ನೀರು ಬಂದ ದಿನ ಹುಬ್ಬಳ್ಳ್ಯಾಗ ಮಾರಿ ತೊಳಕೊಂಡು ನೋಡು, ಅದ ಸಾಬಾಣ, ಆದ್ರ ಹಗರ ಅನಸ್ತೈತಿ.

ಅಂದ್ರ ಎಣ್ಣಿ ಹಚ್ಚಿದ್ರ ಎಲ್ಲಾ ಸರಿ ಹೊಕ್ಕೈತೇನು? ರೀಲ್ಸಿನವ್ರು ಇಲ್ಲೇ ಅರ್ಧ ಹೇಳಿ ಬಿಟ್ಟುಬಿಡ್ತಾರ. ಎಣ್ಣಿ ಕರಗಸೋ ಕೆಲಸ ಮಾಡ್ತೈತಿ, ತಗಿಯೋ ಕೆಲಸ ಮಾಡಂಗಿಲ್ಲ, ಕರಗಿದ ಕೊಳಿ ಎಣ್ಣ್ಯಾಗ ತೇಲಕೋಂತ ಅಲ್ಲೇ ಇರ್ತೈತಿ. ಅದನ್ನ ಪೂರ್ತಿ ತಗದ್ರ ಕ್ಲೆನ್ಸಿಂಗು, ಬಿಟ್ರ ಬರೇ ಎಣ್ಣಿ ಹಚ್ಗೊಂಡಂಗ. ನಮ್ಮ ಹಿರ್ಯಾರಿಗೆ ಇದು ಗೊತ್ತಿತ್ತು. ನರಕ ಚತುರ್ದಶಿ ದಿನ ಅವ್ವ ನೆತ್ತಿಗೆ ಎಣ್ಣಿ ಬಡದು ಮೈತುಂಬ ಹಚ್ಚಿ ಹಂಗ ಬಿಡ್ತಿದ್ಲೇನು? ಕಡ್ಲಿ ಹಿಟ್ಟು ಇಲ್ಲಾ ಹೆಸರ ಹಿಟ್ಟು, ತಲಿಗೆ ಸೀಗಿಕಾಯಿ, ಬಚ್ಚಲದಾಗ ಹಂಡೆ ಖಾಲಿ ಆಗೋ ಮಟ ಎರೀತಿದ್ಲು. ಎಣ್ಣಿ ಹಚ್ಚೋದು ಅರ್ಧಾ ತಾಸು, ತಗಿಯೋದು ಒಂದ ತಾಸು. ಈಗಿನ ಹುಡುಗೂರು ಬರೇ ಮೊದಲಿನ ಅರ್ಧ ಹಿಡ್ಕೊಂಡಾರ.

ಈಗ ಹೆಂಗ ಮಾಡ್ಬೇಕು ಕೇಳು. ರಾತ್ರಿ ಒಂದ ಸಲ ಸಾಕು, ದಿನಾ ಬ್ಯಾಡ, ಸನ್‌ಸ್ಕ್ರೀನು ಮೇಕಪ್ಪು ಹಚ್ಚಿದ ದಿನ ಅಷ್ಟ, ಇಲ್ಲಾ ವಾರಕ್ಕ ಎರಡ ಸಲ. ಸೂರ್ಯಕಾಂತಿ ಎಣ್ಣಿ ನಾಕ ಚಮಚಾ, ಔಡಲ ಎಣ್ಣಿ, ಅಂದ್ರ ನೀ ಕೇಳಿದ ಕ್ಯಾಸ್ಟರ್ ಆಯಿಲ್, ಒಂದ ಚಮಚಾ, ಸಣ್ಣ ಬಾಟ್ಲಿಗೆ ಹಾಕಿ ಅಲ್ಲಾಡ್ಸಿ ಇಟ್ಗೋ. ಔಡಲ ಎಣ್ಣಿ ಒಂದನ್ನ ಹಚ್ಚಬ್ಯಾಡ, ಅದು ಜೇನತುಪ್ಪದಂಗ ದಪ್ಪ, ತಗಿಲಿಕ್ಕ ತಿಕ್ಕಿ ತಿಕ್ಕಿ ಮಾರಿ ಕೆಂಪ ಮಾಡ್ಕೋತೀ. ಮಾರಿ ಒಣಗಿದ್ದಾಗ ಒಣ ಕೈಲೆ ಹಚ್ಚಬೇಕು, ಇದು ಭಾಳ ಮಂದಿ ತಪ್ಪೋ ಜಾಗ, ಹಸಿ ಮಾರಿಗೆ ಹಚ್ಚಿದ್ರ ಎಣ್ಣಿ ಜಾರಿ ಹೊಕ್ಕೈತಿ ಹೊರತು ಕೊಳಿ ಹಿಡಿಯಂಗಿಲ್ಲ. ಒಂದ ನಿಮಿಷ ಬೆರಳ ತುದೀಲೆ ಹಗೂರಕ ಸವರು, ಮೂಗಿನ ಬಾಜೂಕ ಸ್ವಲ್ಪ ಜಾಸ್ತಿ, ಕಣ್ಣಿನ ಒಳಗ ಬ್ಯಾಡ. ಆಮ್ಯಾಲೆ ಹಳೇ ಮೆತ್ತನ್ನ ಕಾಟನ್ ಅರಿವಿ, ಅಜ್ಜನ ಧೋತರದ ತುಂಡ ಇದ್ರ ಅದಕ್ಕಿಂತ ಛಲೋ ಯಾವ್ದೂ ಇಲ್ಲ, ಉಗುರ ಬೆಚ್ಚಗಿನ ನೀರಾಗ ಅದ್ದಿ ಹಿಂಡಿ ಒರಸು. ಮೂರ್ನಾಕ ಸಲ ಅರಿವಿ ತೊಳದು ತೊಳದು ಒರಸು. ಕಡೀಕ ಹಗರಾದ ಫೇಸ್ ವಾಶ್ ಒಂದ ಚೂರು, ಇಲ್ಲಾ ನುಣ್ಣಗ ಜರಡಿ ಹಿಡದ ಕಡ್ಲಿ ಹಿಟ್ಟು ನೀರಾಗ ಗಂಜಿ ಹಂಗ ಮಾಡಿ ಹಚ್ಚಿ ತೊಳಿ. ಅಣ್ಣಿಗೇರಿ ಕಡ್ಲಿ ಹಿಟ್ಟ ಆದ್ರ ಉಳದದ್ರಾಗ ಜುಣಕಾ ಮಾಡ್ಕೋ, ನಡೀತೈತಿ.

ಬಿಸಿ ಟವೆಲ್ ಮಾತು ಮರತಬಿಡು. ಹಬಿ ಕೊಟ್ರ ರಂಧ್ರ ತೆರೀತಾವ ಅಂತಾರ, ಅವೇನು ಬಾಗಲಲ್ಲ ತೆಗದು ಹಾಕಾಕ. ಇನ್ನ ಎಣ್ಣಿ ತಿಕ್ಕೋ ಮುಂದ ಬೆರಳಿಗೆ ಸಣ್ಣ ಸಣ್ಣ ರವಾ ಸಿಕ್ರ ಅದು "ಒಳಗಿನ ವಿಷ" ಅಲ್ಲ. ಸತ್ತ ಚರ್ಮ, ಜಿಡ್ಡು ಕೂಡಿ ಉಂಡಿ ಆಗಿದ್ದು ಅಷ್ಟ. ಮೂಗಿನ ಮ್ಯಾಲಿನ ಕರಿ ಚುಕ್ಕಿನೂ ಕೊಳಿ ಅಲ್ಲ, ಜಿಡ್ಡು ಗಾಳಿಗೆ ಕಪ್ಪಾಗಿದ್ದು, ತಿಕ್ಕಿದಷ್ಟು ಅದೇನ ಹೋಗಂಗಿಲ್ಲ.

ಗುಳ್ಳಿ ವಿಚಾರ. ಎಲ್ಲಾ ಎಣ್ಣಿ ಒಂದ ಅಲ್ಲ. ಸೂರ್ಯಕಾಂತಿ, ನಮ್ಮ ಎರಿ ಹೊಲದ ಕುಸಬಿ, ಇವುದ್ರಾಗ ಲಿನೋಲಿಕ್ ಆಸಿಡ್ ಅನ್ನೋ ಕೊಬ್ಬಿನ ಅಂಶ ಜಾಸ್ತಿ, ಇವು ಹಗರ. ಆಲಿವ್ ಎಣ್ಣ್ಯಾಗ ಓಲಿಕ್ ಆಸಿಡ್ ಜಾಸ್ತಿ. 2013ರಾಗ ಇಂಗ್ಲೆಂಡಿನಾಗ ಕೆಲವು ಮಂದಿ ಮುಂಗೈ ಮ್ಯಾಲೆ ಕೆಲವು ವಾರ ದಿನಾ ಎರಡೊತ್ತು ಈ ಎರಡೂ ಎಣ್ಣಿ ಹಚ್ಚಿ ನೋಡಿದ್ರು, ಆಲಿವ್ ಹಚ್ಚಿದ ಕಡೆ ಚರ್ಮದ ತಡಿಗ್ವಾಡಿ ಸಡಲಾಗಿ ಕೆಂಪಾತು, ಸೂರ್ಯಕಾಂತಿ ಹಚ್ಚಿದ ಕಡೆ ತಡಿಗ್ವಾಡಿ ಹಂಗ ಉಳೀತು. ಈ ಸುದ್ದಿ ನನಗ ಭಾಳ ತಡಾ ಗೊತ್ತಾತು. ಅದಕ್ಕೂ ಮೊದ್ಲ ಒಬ್ಬಾಕಿ ಮದುಮಗಳಿಗೆ ಹತ್ತ ದಿನ ದಿನಾ ಆಲಿವ್ ಎಣ್ಣಿ ಮಸಾಜು, ಬಿಸಿ ಟವೆಲ್ಲು, ಎಲ್ಲಾ ದೌಲತ್ತಿಲೆ ಮಾಡಿದ್ದೆ, ಅಕ್ಕಿಕಾಳಿನ ದಿನ ಹಣಿ ತುಂಬ ಸಾಸಿವಿ ಕಾಳಿನಂಥ ಒಂದ ಅಳತೀ ಗುಳ್ಳಿ, ಮ್ಯಾಲೆ ತುರಿಕಿ! ಬಾಸಿಂಗ ಕಟ್ಟಿದ್ದಕ್ಕ ಮುಚ್ಚಿ ಹೋತು, ನನ್ನ ಮಾರಿ ಮಾತ್ರ ಮುಚ್ಚಲಿಲ್ಲ. ಅವು ಮೊಡವಿ ಅಲ್ಲ, ಎಲ್ಲಾರ ಚರ್ಮದ ಮ್ಯಾಲೂ ಇರೋ ಮಲಸೇಜಿಯಾ ಅನ್ನೋ ಬೂಷ್ಟಿನ ಜಾತೀದು, ಅದಕ್ಕ ಎಣ್ಣಿ ಅಂದ್ರ ಊಟ ಇದ್ದಂಗ ಅಂತ ಆಮ್ಯಾಲೆ ಸ್ಕಿನ್ ಡಾಕ್ಟರ್ ಹೇಳಿದ್ರು. ನಿನಗೂ ಹಂಗ ಒಂದ ಅಳತೀವು, ತುರಸೋವು ಇದ್ರ ಎಣ್ಣಿ ಪ್ರಯೋಗಾನ ಬ್ಯಾಡ. ತಲ್ಯಾಗ ಹೊಟ್ಟು ಜೋರಿದ್ದವ್ರೂ ಬಿಡೋದು ಛಲೋ. ಕೀವು ತುಂಬಿದ ನೋಯೋ ಗುಳ್ಳಿ ಇದ್ರೂ ಬ್ಯಾಡ, ಡಾಕ್ಟರ ಹತ್ರ ಹೋಗು.

ಕೊಬ್ಬರಿ ಎಣ್ಣಿ? ಬಣ್ಣ ತಗಿಲಿಕ್ಕ ಭೇಷ್, ಗುಳ್ಳಿ ಏಳೋ ಮಾರಿಗೆ ನಾ ಕೊಡಂಗಿಲ್ಲ. ಯಾವ ಎಣ್ಣಿ ರಂಧ್ರ ಮುಚ್ತೈತಿ ಅಂತ ನಂಬರ್ ಹಾಕಿದ ಪಟ್ಟಿ ಓಡ್ಯಾಡ್ತಾವಲ್ಲ, ಅವುದ್ರಾಗ ಬಹಳಷ್ಟು ಹಿಂದಿನ ಕಾಲದಾಗ ಮೊಲದ ಕಿವಿಗೆ ಹಚ್ಚಿ ನೋಡಿ ಬರದದ್ದು, ಮೊಲದ ಕಿವಿ ಮನಷ್ಯಾರ ಮಾರಿಗಿಂತ ಜಲ್ದಿ ಗುಳ್ಳಿ ಏಳ್ತೈತಿ, ಅದಕ್ಕ ಆ ಪಟ್ಟಿನ ವೇದ ಅಂತ ತಿಳೀಬ್ಯಾಡ. ಏನ ಆದ್ರೂ ಮೊದ್ಲ ಕಿವಿ ಕೆಳಗ ದವಡಿ ಮ್ಯಾಲೆ ನಾಕ ದಿನ ಹಚ್ಚಿ ನೋಡು. ಮತ್ತ "ಮೊದಲ ಒಂದ ತಿಂಗಳ ಗುಳ್ಳಿ ಬರ್ತಾವ, ಒಳಗಿಂದು ಹೊರಗ ಬರಾಕತ್ತೈತಿ, ನಿಲ್ಲಸಬ್ಯಾಡ್ರಿ" ಅಂತ ಯಾರರ ಹೇಳಿದ್ರ ಕೈ ಮುಗದು ಎದ್ದ ಬಾ. ಎಣ್ಣಿಯಿಂದ ಗುಳ್ಳಿ ಬಂದ್ರ ಎಣ್ಣಿ ಹೊಂದವಲ್ದು ಅಂತ ಅರ್ಥ.

ಒಂದ ಇನ್ನೊಂದು ದಾರಿ ಐತಿ. ಅಂಗಡ್ಯಾಗ ಕ್ಲೆನ್ಸಿಂಗ್ ಆಯಿಲ್ ಅಂತ ಸಿಗ್ತಾವಲ್ಲ, ಅವುದ್ರಾಗ ಎಣ್ಣಿ ಜೋಡಿ ನೀರಿಗೂ ಎಣ್ಣಿಗೂ ಕೈ ಹಿಡಸೋ ವಸ್ತು ಕೂಡಿಸಿರ್ತಾರ, ನೀರು ಬಿದ್ದ ಕೂಡಲೆ ಹಾಲಿನಂಗ ಬೆಳ್ಳಗಾಗಿ ತಾನ ತೊಳದು ಹೊಕ್ಕೈತಿ. ಜಪಾನಿನ ಮೇಕಪ್ ಕಲಾವಿದ ಶು ಉಎಮುರಾ 1967ರಾಗ ಇಂಥಾದ್ದನ್ನ ಮಾರಾಟಕ್ಕ ತಂದಾವ. ತಿಕ್ಕೋ ಗೋಜು ಇರಂಗಿಲ್ಲ, ಆದ್ರ ರೊಕ್ಕ ಕೇಳಿದ್ರ ನನಗ ಜುಣಕಾನೂ ಹೋಗಂಗಿಲ್ಲ.

ನಮಸ್ಕಾರ್ರೀ ಅಕ್ಕಾರ. ನಾವು ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ತೊಟ್ಟು ಬಿಡಸೋ ಕೆಲಸಕ್ಕ ಹೋಗ್ತೀವ್ರಿ. ಸಂಜಿಮುಂದ ಮನಿಗೆ ಬಂದು ಮಾರಿ ತೊಳಕೊಂಡ್ರ ಉರಿ ಕಡಿಮಿ ಆಗೋದು ಬಿಟ್ಟು ಜಾಸ್ತಿ ಆಕ್ಕೈತಿ. ಬಿಸಿನೀರ ಹಾಕಿದ್ರಂತೂ ಬೆಂಕಿನ. ಕೈ ಕೆಂಪಗಿದ್ದದ್ದು ಹೋಗಂಗಿಲ್ಲ. ನೀವು ಎಣ್ಣಿ ಅಂದ್ರಿ, ಉರಿಯೋ ಮಾರಿಗೆ ಎಣ್ಣಿ ಹಚ್ಚಬಹುದೇನ್ರಿ?
– ನಾಕ ಮಂದಿ ಗೆಳತ್ಯಾರು, ಬ್ಯಾಡಗಿ

ಇಷ್ಟ ದಿನದಾಗ ನನಗ ಬಂದ ಪ್ರಶ್ನೆಗಳೊಳಗ ಇದ ಛಲೋ ಪ್ರಶ್ನೆ, ಮತ್ತ ಎಣ್ಣೀದು ಖರೇ ಉಪಯೋಗ ಇರೋದು ನಿಮಗ. ಮೆಣಸಿನಕಾಯಿ ಖಾರ ಅಂದ್ರ ಕ್ಯಾಪ್ಸೈಸಿನ್, ಅದು ನೀರಾಗ ಕರಗಂಗಿಲ್ಲ, ಎಣ್ಣ್ಯಾಗ ಕರಗ್ತೈತಿ. ಅದಕ್ಕ ಒಗ್ಗರಣ್ಯಾಗ ಮೆಣಸಿನಕಾಯಿ ಹಾಕಿದ ಕೂಡಲೆ ಎಣ್ಣಿ ಕೆಂಪಗಾಗಿ ಮನಿತುಂಬ ಘಾಟು ಏಳೋದು. ನೀವು ಬರೇ ನೀರು ಹಾಕಿದ್ರ ಖಾರ ಒಂದ ಕಡೆಯಿಂದ ಇನ್ನೊಂದ ಕಡೆ ಹರಡ್ತೈತಿ ಅಷ್ಟ. ಇನ್ನ ಬಿಸಿನೀರು. ಚರ್ಮದಾಗ ಬಿಸಿ ಗುರುತ ಹಿಡಿಯೋ ನರದ ತುದಿ ಯಾವ್ದೈತಿ, ಖಾರ ಕೆಣಕೋದೂ ಅದನ್ನ, ಅದಕ್ಕ ಎರಡೂ ಕೂಡಿದ್ರ ಬೆಂಕಿ ಅನಸ್ತೈತಿ. ನಿಮಗ ಅನಿಸಿದ್ದು ಭ್ರಮೆ ಅಲ್ಲ.

ಹಿಂಗ ಮಾಡ್ರಿ. ಮನಿಗೆ ಬಂದ ಕೂಡಲೆ ಸೆರಗಿಲೆ ಮಾರಿ ಒರಸ್ಕೋಬ್ಯಾಡ್ರಿ, ಆ ಸೆರಗಿನ್ಯಾಗ ದಿನದ ಖಾರ ಪೂರಾ ಇರ್ತೈತಿ. ಮೊದ್ಲ ಕೈ. ಕೈಗೆ ಅಡಗಿ ಎಣ್ಣಿ, ಶೇಂಗಾದ್ದಾಗ್ಲಿ ಸೂರ್ಯಕಾಂತಿದಾಗ್ಲಿ, ಎರಡ ಚಮಚಾ ಹಾಕಿ ಉಗುರಿನ ಸಂದಿ ತನಕ ತಿಕ್ಕಿ, ಒಣಾ ಹಳೇ ಅರಿವೀಲೆ ಒರಸಿ, ಆಮ್ಯಾಲೆ ಭಾಂಡಿ ತೊಳಿಯೋ ಸಾಬಾಣ ಹಚ್ಚಿ ತಣ್ಣೀರಿಲೆ ತೊಳೀರಿ. ಕೈ ಸ್ವಚ್ಛ ಆದ ಮ್ಯಾಲೆ ಮಾರಿ ಮುಟ್ಟೋದು. ಮಾರಿಗೂ ಹಂಗ, ಎಣ್ಣಿ ಹಚ್ಚಿ, ತಿಕ್ಕದ, ಬ್ಯಾರೆ ಅರಿವೀಲೆ ಒತ್ತಿ ಒತ್ತಿ ತಗದು, ಮೈ ಸಾಬಾಣ ಹಗರ ಹಚ್ಚಿ ತಣ್ಣೀರು. ಉರಿ ಉಳದ್ರ ಇನ್ನೊಂದ ಸಲ ಪೂರ್ತಿ ಹಿಂಗ. ಎಣ್ಣಿ ಹಚ್ಚಿ ಹಂಗ ಮಲಗಬ್ಯಾಡ್ರಿ, ಖಾರ ಎಣ್ಣ್ಯಾಗ ಕರಗಿ ಮಾರಿ ಮ್ಯಾಲ ಕೂತಿರ್ತೈತಿ. ಇದ ಕಾರಣಕ್ಕ ಕೆಲಸಕ್ಕ ಹೋಗೋ ಮುಂದನೂ ಎಣ್ಣಿ ಹಚ್ಗೊಂಡು ಹೋಗಬ್ಯಾಡ್ರಿ, ಪುಡಿ ಎಲ್ಲಾ ಮೆತ್ತಕೊಳ್ತೈತಿ. ಮಾರಿಗೆ ಅರಿವಿ ಕಟ್ಕೋರಿ, ಕೈಗವುಸು ಕೇಳ್ರಿ, ಕೊಡದಿದ್ರ ನಾಕೂ ಮಂದಿ ಕೂಡಿ ಕೇಳ್ರಿ. ಕಣ್ಣಾಗ ಖಾರ ಬಿದ್ರ ಮಾತ್ರ ಎಣ್ಣಿ ಹಾಕಬ್ಯಾಡ್ರಿ, ಅಲ್ಲಿ ಸ್ವಚ್ಛ ತಣ್ಣೀರು, ಹತ್ತ ಹದಿನೈದು ನಿಮಿಷ ಸುರೀರಿ, ಮಸಕ ಹೋಗಲಿಲ್ಲಂದ್ರ ಕಣ್ಣಿನ ಡಾಕ್ಟರ.

ಕೈ ಕೆಂಪಿಗೂ ಇದ ಮದ್ದು. ಬ್ಯಾಡಗಿ ಕಾಯಿಗೆ ಖಾರ ಕಡಿಮಿ ಬಣ್ಣ ಜಾಸ್ತಿ, 2011ರಾಗ ಜಿಐ ಟ್ಯಾಗ್ (ಆ ಊರಿನ ಬೆಳಿ ಅಂತ ಸರ್ಕಾರಿ ಗುರುತು) ಸಿಕ್ಕದ್ದು ಇದಕ್ಕ, ಆ ಬಣ್ಣಾನೂ ಎಣ್ಣ್ಯಾಗ ಕರಗೋದು. ನೀವು ತೊಟ್ಟು ಬಿಡಿಸಿದ ಕಾಯಿಂದ ತಗದ ಬಣ್ಣ ಲಿಪ್‌ಸ್ಟಿಕ್ಕು, ನೇಲ್ ಪಾಲಿಶಿಗೂ ಹೊಕ್ಕೈತಿ. ಅದನ್ನ ಹಚ್ಗೊಂಡಾಕಿಗೆ ಕೈ ಉರಿಯೋದಿಲ್ಲ, ಅದ ನನಗ ಒಂಥರಾ ಅನಸ್ತೈತಿ.

ಗೋಕುಲ ರೋಡಿನಾಗ ಗ್ಯಾರೇಜ್ ಕೆಲಸ. ಮುಖಕ್ಕೆ ಗ್ರೀಸ್ ಹತ್ತಿದ್ರ ಪೆಟ್ರೋಲ್ ಬಟ್ಟೆಯಿಂದ ಒರಸ್ಕೋತೀನಿ, ಚರ್ಮ ಬಿಳಿ ಬಿಳಿ ಆಗಿ ಒಡೀತದ. ಇದು ಹೆಂಗಸರ ಅಂಕಣ ಅಂತ ಗೊತ್ತು, ಆದ್ರೂ ಕೇಳೇನಿ.
– ಮೆಕ್ಯಾನಿಕ್, ಹುಬ್ಬಳ್ಳಿ

ಮಾರಿ ಎಲ್ಲಾರಿಗೂ ಐತಿ ತಮ್ಮಾ, ನಾಚಬ್ಯಾಡ. ಪೆಟ್ರೋಲು, ಸೀಮಿಎಣ್ಣಿ ಗ್ರೀಸ್ ಜೋಡಿ ನಿನ್ನ ಚರ್ಮದ ಎಣ್ಣೀನೂ ಎಳಕೊಂಡು ಹೊಕ್ಕಾವ, ಬೆಂಕಿ ಭಯ ಬ್ಯಾರೆ. ಗ್ರೀಸ್ ಅಂದ್ರ ದಪ್ಪ ಮಾಡಿದ ಎಣ್ಣಿ, ಅಡಗಿ ಎಣ್ಣಿಗೆ ಸುಮ್ಮನ ಬಿಡ್ತೈತಿ. ಒಂದ ಸಣ್ಣ ಬಾಟ್ಲಿ ಅಗ್ಗದ ರಿಫೈಂಡ್ ಎಣ್ಣಿ ಗ್ಯಾರೇಜಿನ್ಯಾಗ ಇಟ್ಟಬಿಡು, ಹಚ್ಚು, ಸ್ವಚ್ಛ ವೇಸ್ಟ್ ಬಟ್ಟಿಲೆ ಒರಸು, ಸಾಬಾಣ ಹಾಕು. ಆದ್ರ ಎಂಜಿನ್ ಆಯಿಲ್ ಬಟ್ಟಿ ಮಾರಿಗೆ ಮುಟ್ಟಸಬ್ಯಾಡ, ಅದರಿಂದನ ದವಡಿ ಮ್ಯಾಲೆ ಕರಿ ಗುಳ್ಳಿ ಏಳ್ತಾವ. ರಂಗಪಂಚಮಿ ಸಿಲ್ವರ್ ಬಣ್ಣ ತಗಿಯೋದು ಹೆಂಗ ಅಂತ ಮೂರು ಹುಡುಗೂರು ಕೇಳ್ಯಾರ, ನಿಮಗೂ ಇದ ಉತ್ತರ. ಬಣ್ಣ ಆಡೋ ಮೊದ್ಲ ಕೊಬ್ಬರಿ ಎಣ್ಣಿ ಮಾರಿಗೂ ಕಿವಿ ಹಿಂದೂ ಬಳಕೊಂಡು ಹೋಗ್ರಿ, ಬಂದ ಮ್ಯಾಲೆ ಮತ್ತ ಎಣ್ಣಿ. ಸಿಲ್ವರ್ ಪೇಂಟು ಮಾರಿಗೆ ಬಳಿಯೋದಲ್ಲ, ಗೇಟಿಗೆ ಬಳಿಯೋದು, ಅದನ್ನ ಹಚ್ಚಾಕ ಬಂದ ಗೆಳ್ಯಾರನ್ನ ಓಡಸ್ರಿ.

ಮೇಡಂ, ನಾನು ಹವ್ಯಾಸಿ ನಾಟಕ ಆಡ್ತೀನಿ. ನಮ್ಮ ಹಳೇ ಕಲಾವಿದರು ಬಣ್ಣ ತಗಿಯೋಕೆ ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಮುಟ್ಟಲ್ಲ. ವೆಟ್ ವೈಪ್ಸ್ ಉತ್ತಮ ಅಲ್ವಾ?
– ನಾಟಕದ ಹುಚ್ಚಿನವ, ಗದಗ

ಹಳೇ ಕಲಾವಿದರು ಹೇಳಿದ್ದ ಕೇಳ್ರಿ. ರಂಗದ ಬಣ್ಣ ಹಿಂದಿನಿಂದಲೂ ಎಣ್ಣ್ಯಾಗ ಕಲಿಸಿ ಹಚ್ಚೋದು, ಎಣ್ಣ್ಯಾಗ ಬಂದದ್ದು ಎಣ್ಣ್ಯಾಗ ಹೊಕ್ಕೈತಿ. ದೊಡ್ಡಾಟದವ್ರು ಅರದಾಳ, ಇಂಗಳೀಕ ಬಳೀತಿದ್ರು. ಅರದಾಳದಾಗ ಇರೋದು ಆರ್ಸೆನಿಕ್ಕು, ಇಂಗಳೀಕದಾಗ ಪಾದರಸ, ಅದನ್ನ ಬೆಳತನಕ ಮಾರಿ ಮ್ಯಾಲೆ ಹೊತ್ತು ಕುಣದು ಬೆಳಗಾದ ಕೂಡಲೆ ಎಣ್ಣಿಲೆ ತಗೀತಿದ್ರು. ಈಗ ಅವನ್ನ ಹಚ್ಚೋದು ಬ್ಯಾಡ, ತಗಿಯೋ ರೂಢಿ ಅಷ್ಟ ಇಟ್ಗೋರಿ. ವೈಪ್ಸ್ ಬಣ್ಣ ಎತ್ತೂದಕ್ಕಿಂತ ಹರಡೋದ ಜಾಸ್ತಿ, ಮಾರಿ ತಿಕ್ಕಿ ತಿಕ್ಕಿ ಸಾಕಾಗ್ತೈತಿ. ಎಣ್ಣಿ ಹಚ್ಚಿ, ಒರಸಿ, ಸಾಬಾಣ ಹಾಕಿ ಮಲಗ್ರಿ, ಆಟ ಮುಗದು ಸಾಕಾಗಿದ್ರೂನೂ.

ನನ್ನ ಮಗಳಿಗೆ ಈಗ 40 ದಿನ. ತವರಲ್ಲಿ ಇದ್ದೀನಿ. ಎರಿಯೋಕೆ ಬರೋ ಆಯಿ ಕೂಸಿನ ಮುಖಕ್ಕೆ ಎಣ್ಣೆ ತಿಕ್ಕಿ, ಮೂಗು ಕಿವಿಗೂ ಔಡಲ ಎಣ್ಣೆ ಬಿಡ್ತಾರೆ, ಕಡ್ಲಿ ಹಿಟ್ಟಿನ ಉಂಡಿಯಿಂದ ಹಣೆ ಕೂದಲು ಹೋಗಲಿ ಅಂತ ಉರುಳಿಸ್ತಾರೆ. ಅತ್ತೇರೂ ಅದೇ ಸರಿ ಅಂತಾರೆ. ನಂಗೆ ಭಯ.
– ಹೊಸ ತಾಯಿ, ಹಾವೇರಿ

ಎಣ್ಣಿ ಹಚ್ಚಿ ಎರಿಯೋದು ತಪ್ಪಲ್ಲವ್ವ, ಕೂಸಿಗೂ ಹಿತ, ನಿದ್ದಿ ಛಲೋ ಬರ್ತೈತಿ, ಅದಕ್ಕ ಯಾರ ಜೋಡಿನೂ ಜಗಳ ಬ್ಯಾಡ. ಆದ್ರ ಮೂಗಿಗೆ ಎಣ್ಣಿ ಬಿಡೋದು ಮಾತ್ರ ಇವತ್ತಿಂದ ಬಂದ್ ಮಾಡಸು. ಮೂಗಿನಿಂದ ಎಣ್ಣಿ ಜಾರಿ ಪುಪ್ಪುಸಕ್ಕ ಇಳದ್ರ ಅಲ್ಲಿಂದ ಹೊರಗ ಬರಂಗಿಲ್ಲ, ನ್ಯುಮೋನಿಯಾ ಆಕ್ಕೈತಿ, ಎಣ್ಣಿ ನ್ಯುಮೋನಿಯಾಕ್ಕ ಅಂತನ ಡಾಕ್ಟರ ಹತ್ರ ಬ್ಯಾರೆ ಹೆಸರೈತಿ. ಕೂಸು ಕೆಮ್ಮಿ ಹೇಳಾಕೂ ಬರಂಗಿಲ್ಲ. ಕಿವಿಗೆ, ಕಣ್ಣಿಗೆ, ಹೊಕ್ಕಳಕ್ಕೂ ಬ್ಯಾಡ. ಆಯಿಗೆ "ನೀ ತಪ್ಪ ಮಾಡಾಕತ್ತಿ" ಅಂದ್ರ ಸಿಟ್ಟಾಗಿ ನಾಳೆ ಬರಂಗಿಲ್ಲ, "ಡಾಕ್ಟರು ಮೂಗಿಗೆ ಬ್ಯಾಡ ಅಂದಾರ ಆಯಿ, ಕೈಕಾಲಿಗೆ ನೀ ಹಚ್ಚಿದಂಗ ಯಾರೂ ಹಚ್ಚಂಗಿಲ್ಲ" ಅನ್ನು, ನಡೀತೈತಿ, ನಾನೂ ಹಿಂಗ ದಾಟೇನಿ.

ಮಾರಿಗೆ ಎಣ್ಣಿ ಬೇಕಾಗೇ ಇಲ್ಲ, ಹಸಿ ಅರಿವೀಲೆ ಒರಸಿದ್ರ ಸಾಕು. ಮೂಗಿನ ಮ್ಯಾಲಿನ ಬಿಳಿ ಹಾಲ ಗುಳ್ಳಿ ತಾವ ಹೊಕ್ಕಾವ. ಮೈಗೆ ಸೂರ್ಯಕಾಂತಿ ಇಲ್ಲಾ ಕೊಬ್ಬರಿ ಎಣ್ಣಿ, ಸಾಸಿವಿ ಎಣ್ಣಿ ಬ್ಯಾಡ, ಅದು ಎಳೇ ಚರ್ಮಕ್ಕ ಚುರುಚುರು. ಇನ್ನ ಹಿಟ್ಟಿನ ಉಂಡಿ, ಹುಟ್ಟಾ ಬಂದ ನವಿರ ಕೂದಲ ಕೆಲವು ವಾರ ತಿಂಗಳಿನ್ಯಾಗ ತಾನ ಉದರ್ತೈತಿ, ಉರುಳಿಸಿದ್ದಕ್ಕ ಹೋತು ಅಂತ ಹೆಸರ ಮಾತ್ರ ಉಂಡೀಗೆ.

ನನಗೆ 42. ಎರಡೂ ಕೆನ್ನೆಗೆ ಬಂಗು. ಮೆಡಿಕಲ್ ಶಾಪ್ ನಲ್ಲಿ ಕೊಟ್ಟ ಬಿಳಿ ಆಗೋ ಕ್ರೀಮ್ ಎರಡು ವರ್ಷದಿಂದ ಹಚ್ಚುತ್ತಿದ್ದೇನೆ. ಈಗ ಯಾವ ಎಣ್ಣೆ ಹಚ್ಚಿದರೂ ಮುಖ ಉರಿದು ಕೆಂಪಾಗುತ್ತದೆ, ಕ್ರೀಮ್ ಬಿಟ್ಟರೆ ಇನ್ನೂ ಜಾಸ್ತಿ. ಯಾವ ಎಣ್ಣೆಯಿಂದ ಬಂಗು ಹೋಗುತ್ತದೆ?
– ಗೃಹಿಣಿ, ಗದಗ-ಬೆಟಗೇರಿ

ಅಕ್ಕಾರ, ಯಾವ ಎಣ್ಣಿಯಿಂದನೂ ಬಂಗು ಹೋಗಂಗಿಲ್ಲ. ಅದರ ಬಣ್ಣ ಚರ್ಮದ ಒಳಗ ಕೂತದ್ದು, ಮ್ಯಾಲಿನ ಕೊಳಿ ಅಲ್ಲ. ಬಾದಾಮಿ ಎಣ್ಣಿ, ಕೇಸರಿ ಎಣ್ಣಿ, ನಿಂಬಿಹಣ್ಣು ಹಿಂಡಿದ ಎಣ್ಣಿ ಎಲ್ಲಾ ಬಿಡ್ರಿ, ನಿಂಬಿರಸ ಹಚ್ಗೊಂಡು ಬಿಸಲಿಗೆ ಹೋದ್ರ ಸುಟ್ಟು ಕಪ್ಪು ಕಲಿ ಆಕ್ಕಾವ, ಒಂದಕ್ಕ ಎರಡು.

ನಿಮ್ಮ ಪತ್ರದಾಗ ನನಗ ಹೆದರಿಕಿ ಆಗಿದ್ದು ಆ ಕ್ರೀಮಿನ ಮಾತು. ಟ್ಯೂಬ್ ಹಿಂದ ಓದ್ರಿ, ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಅಂತ ಏನರ ಇದ್ರ ಅದು ಸ್ಟಿರಾಯ್ಡು. ವಾರ ಎರಡ ವಾರ ಡಾಕ್ಟರು ಹೇಳಿದಂಗ ಹಚ್ಚೋ ಔಷಧ ಅದು, ವರ್ಷಗಟ್ಲೆ ಹಚ್ಚಿದ್ರ ಚರ್ಮ ತೆಳ್ಳಗಾಗಿ ಕೆಂಪ ನರ ಕಾಣ್ತಾವ, ಗುಳ್ಳಿ, ನವಿರ ಕೂದಲ, ಬಿಸಲಿಗೆ ಉರಿ, ಬಿಟ್ರ ಕೆರಳೋದು. ನೀವು ಬರದದ್ದ ಎಲ್ಲಾ ಅದಕ್ಕ ಹೊಂದ್ತೈತಿ. ಡಾಕ್ಟರ್ ಚೀಟಿ ಇಲ್ಲದ ಇಂಥಾ ಕ್ರೀಮ್ ಮಾರಬಾರದು ಅಂತ ಸರ್ಕಾರ 2018ರಾಗ ನಿಯಮ ಬಿಗಿ ಮಾಡೇತಿ, ಆದ್ರೂ ಕೌಂಟರಿನ್ಯಾಗ ಸಿಕ್ಕಬಿಡ್ತಾವ. ಇದರಾಗ ನಾ ಬಾಯಿ ಹಾಕೋದು ಪಾಪ. ಕ್ರೀಮ್ ನಿಲ್ಲಸೋದೋ ಮುಂದುವರಸೋದೋ ಅಂತ ನೀವ ತೀರ್ಮಾನ ಮಾಡಬ್ಯಾಡ್ರಿ, ಈ ವಾರ ಚರ್ಮದ ಡಾಕ್ಟರ ಹತ್ರ ಹೋಗ್ರಿ, ಟ್ಯೂಬ್ ಕೈಯಾಗ ಹಿಡ್ಕೊಂಡ ಹೋಗ್ರಿ. ಹುಬ್ಬಳ್ಳಿ ಕಿಮ್ಸ್ ಅಂತಿದ್ದ ಸರ್ಕಾರಿ ದವಾಖಾನ್ಯಾಗೂ (ಈಗ ಕೆಎಂಸಿಆರ್‌ಐ) ಚರ್ಮದ ವಿಭಾಗ ಐತಿ. ಅಲ್ಲಿ ತನಕ ಎಣ್ಣಿ, ಹಬಿ, ಹಿಟ್ಟು ಎಲ್ಲಾ ಬಂದ್, ತಣ್ಣೀರು, ಹೊರಗ ಹೊಂಟ್ರ ಛತ್ರಿ.

ಮರದ ಗಾಣದ ಎಣ್ಣೆಯೇ ಬೇಕಾ, ಅಂಗಡಿ ರಿಫೈಂಡ್ ನಡೆಯುತ್ತಾ? ಗಾಣದ್ದು ಕೈಗೆಟುಕಲ್ಲ.
– ಶಿಕ್ಷಕಿ, ಶಿಗ್ಗಾಂವಿ

ಮಾರಿ ತೊಳಿಯೋದಕ್ಕ ರಿಫೈಂಡ್ ನಡೀತೈತ್ರಿ ಟೀಚರ. ಎರಡ ನಿಮಿಷದಾಗ ಒರಸಿ ಚೆಲ್ಲೋದಕ್ಕ ಗಾಣದ್ದ್ಯಾಕ, ಅದನ್ನ ಚಟ್ನಿಪುಡಿ ಜೋಡಿ ರೊಟ್ಟಿಗೆ ಹಾಕ್ಕೊಂಡು ಉಣ್ರಿ. ಒಂದ ಲಕ್ಷ್ಯ ಇರಲಿ, ಸೂರ್ಯಕಾಂತಿ, ಕುಸಬಿ, ಅಗಸಿ ಇವು ಜಲ್ದಿ ಮುಗ್ಗಾಕ್ಕಾವ, ಬಿಸಲು ಗಾಳಿ ತಾಗಿದ್ರ ಇನ್ನೂ ಜಲ್ದಿ. ವಾಸನಿ ಕೆಟ್ಟ ಎಣ್ಣಿ ಮಾರಿಗೆ ಬ್ಯಾಡ. ಒಮ್ಮೆ ಕರದು ಉಳದ ಎಣ್ಣಿ ಹಚ್ಚಬಹುದೇನು ಅಂತ ಒಬ್ರು ಕೇಳ್ಯಾರ, ಅವರ ಹೆಸರ ಹಾಕಂಗಿಲ್ಲ, ಉತ್ತರಾನೂ ಅವರಿಗೆ ಗೊತ್ತೈತಿ.

ನಮ್ಮ ಅತ್ತಿ ಮನ್ಯಾಗ ತಗದ ಔಡಲ ಎಣ್ಣಿ ಕೊಟ್ಟಾರ. ಔಡಲ ಬೀಜ ವಿಷ ಅಂತಾರಲ್ಲ, ಮಾರಿಗೆ ಹಚ್ಚಲ್ಯೋ ಬ್ಯಾಡೋ?
– ಸೊಸಿ, ನವಲಗುಂದ

ಬೀಜ ವಿಷ ಖರೇ, ರೈಸಿನ್ ಅಂತ, ಹುಡುಗೂರ ಕೈಗೆ ಹಸಿ ಬೀಜ ಸಿಗದಂಗ ಇಡ್ರಿ. ಆದ್ರ ಆ ವಿಷ ಎಣ್ಣ್ಯಾಗ ಬರಂಗಿಲ್ಲ, ಹಿಂಡ್ಯಾಗ ಉಳೀತೈತಿ, ಕುದಿಗೆ ಕೆಟ್ಟೂ ಹೊಕ್ಕೈತಿ. ನಮ್ಮ ಆಯಿ ಬೀಜ ಹುರದು, ಒಳಕಲ್ಲಾಗ ಕುಟ್ಟಿ, ದೊಡ್ಡ ಪಾತೇಲಿ ನೀರಾಗ ಅರ್ಧಾ ದಿನ ಕುದಿಸಿ, ಮ್ಯಾಲೆ ತೇಲಿದ ಎಣ್ಣಿನ ಸೌಟಿಲೆ ತಗದು, ಅದನ್ನ ಮತ್ತ ನೀರು ಆರೋ ತನಕ ಕಾಸ್ತಿದ್ಲು, ಚಟಪಟ ಅನ್ನೋದು ನಿಂತ ಮ್ಯಾಲೇನ ಬಾಟ್ಲಿಗೆ. ನಿಮ್ಮ ಅತ್ತೀನೂ ಹಿಂಗ ಮಾಡಿದ್ರ ಭಯ ಇಲ್ಲ. ಆದ್ರ ಹುರದ ಬೀಜದ್ದು, ಕಪ್ಪ ಬಣ್ಣ, ಹೊಗಿ ವಾಸನಿ ಇರ್ತೈತಿ, ಅತ್ತಿ ಎದುರಿಗೆ ಕಾಲಿಗೆ, ಹಿಮ್ಮಡಿಗೆ ಹಚ್ಗೋರಿ, ಮಾರಿಗೆ ಮೆಡಿಕಲ್ ಅಂಗಡ್ಯಾಗಿನ ತಿಳಿ ಎಣ್ಣಿ ಸಣ್ಣ ಬಾಟ್ಲಿ ತಗೋರಿ. ಆಯಿ ತಗದ ಎಣ್ಣಿ ಕಡೇ ಬಾಟ್ಲಿ ನನ್ನ ಹತ್ರ ಇನ್ನೂ ಅರ್ಧ ಐತಿ, ಮುಗ್ಗ ಹಿಡದು ಎಷ್ಟೋ ವರ್ಷ ಆತು, ಮಾರಿಗೂ ಬರಂಗಿಲ್ಲ ದೀಪಕ್ಕೂ ಹಾಕಾಕ ಮನಸ ಬರವಲ್ದು, ಕಪಾಟದಾಗ ಹಂಗ ಇಟ್ಟೇನಿ.